ಓದಲು ಬಾರದ ಮಗುವಿಗೆ ಪ್ರತಿಭೆಯ ಷರತ್ತು

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್‌’ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಏಳನೇ ವಯಸ್ಸಿನಿಂದ ಪಾಠ ಹೇಳಿಸಿದ್ದರೂ ಅವನಿಗೆ ಓದು ಹತ್ತಿರಲಿಲ್ಲ. ತನ್ನ ಹೆಸರನ್ನೇ ಅಕ್ಷರ ಅದಲುಬದಲಾಗಿ ‘ಪ್ರೆಸಿ’ ಎಂದು ಬರೆದ. ಅದೇ ಹುಡುಗ 749ನ್ನು 867ರಿಂದ ಗುಣಿಸಿ ಬೇಗನೆ ಸರಿಯುತ್ತರ ಕೊಟ್ಟ. ಪಾಠವೆಲ್ಲ ಬಾಯಲ್ಲೇ ನಡೆದಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಚುರುಕು ಎಂದಿದ್ದರು ಅವನ ಮೇಷ್ಟರು.

ಓದಲು ಬಾರದವರೆಲ್ಲ ದಡ್ಡರಲ್ಲ ಎಂಬುದು ಅಂದೇ ಅಚ್ಚಾಗಿತ್ತು. ಆದರೂ ನಮ್ಮ 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗೆ ಜಾಗವಿರಲಿಲ್ಲ. ಸಿಕ್ಕಿದ್ದು 2016ರ ಹೊಸ ಕಾಯ್ದೆಯಲ್ಲಿ, ಏಳು ಬಗೆಯ ವೈಕಲ್ಯಗಳ ಪಟ್ಟಿ 21ಕ್ಕೆ ಏರಿದಾಗ. ಅಲ್ಲಿಯವರೆಗೆ ಉಕ್ತಲೇಖನದಲ್ಲಿ ಒತ್ತಕ್ಷರ ಬಿಟ್ಟ ಎಷ್ಟೋ ಮಕ್ಕಳ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬಿತ್ತು. ಆಮೇಲೆ ಅದೇ ಪದವನ್ನು ನೂರು ಸಲ ಬರೆಯುವ ಶಿಕ್ಷೆ, ಹಿಂದಿನ ಬೆಂಚು.

ಓದು ಬರಹ ಬರಿಯ ಶ್ರದ್ಧೆಯ ಫಲವೆಂದು ನಂಬಿದ್ದರಿಂದಲೇ ಈ ಕ್ರೌರ್ಯ ನಮಗೆ ಕ್ರೌರ್ಯವೆನಿಸಲಿಲ್ಲ. ಕಣ್ಣು ಕಾಣದವರಿಗೆ ‘ಮನಸ್ಸಿಟ್ಟು ನೋಡು’ ಎಂದು ಯಾರೂ ಗದರುವುದಿಲ್ಲ. ಅಕ್ಷರ ಕೂಡಿಸಲು ತಿಣುಕುವ ಮಗುವಿನ ತೊಡಕು ಮಾತ್ರ ಹೊರಗೆ ಕಾಣದು, ಕಾಣುವುದು ತಪ್ಪಷ್ಟೇ. ಅದಕ್ಕೆ ಸೋಮಾರಿತನ, ಮೊಂಡುತನ ಎಂದು ಹೆಸರಿಟ್ಟೆವು.

2007ರ ‘ತಾರೆ ಜಮೀನ್ ಪರ್’ ಸಿನಿಮಾ ಡಿಸ್ಲೆಕ್ಸಿಯಾ ಎಂಬ ಈ ತೊಡಕನ್ನು ಮನೆಮನೆಯ ಮಾತಾಗಿಸಿತು. ಆ ಉಪಕಾರ ದೊಡ್ಡದು. ಆದರೆ ಆ ಚಿತ್ರದ ಇಶಾನ್ ಅಸಾಮಾನ್ಯ ಚಿತ್ರಕಾರ, ಸ್ಪರ್ಧೆ ಗೆದ್ದು ಎಲ್ಲರ ಮೆಚ್ಚುಗೆ ಪಡೆಯುತ್ತಾನೆ. ಪರ್ಸಿಯ ನೆರವಿಗೂ ಗಣಿತ ಬಂತು. ಓದಲೂ ಬಾರದ, ಚಿತ್ರವೂ ಬಾರದ, ಲೆಕ್ಕದಲ್ಲೂ ಸಾಧಾರಣವಾದ ಮಗುವಿನ ಗತಿಯೇನು? ಹೆಚ್ಚಿನ ಮಕ್ಕಳು ಸಾಧಾರಣರೇ ಅಲ್ಲವೇ, ಚೆನ್ನಾಗಿ ಓದುವವರೂ ಸೇರಿ. ಬೇರೊಂದು ಪ್ರತಿಭೆಯನ್ನು ಜಾಮೀನಿಟ್ಟರೆ ಮಾತ್ರ ಮರ್ಯಾದೆ ಎನ್ನುವುದು ಹಳೆಯ ತಾತ್ಸಾರವೇ ವೇಷ ಬದಲಿಸಿ ಬಂದಂತೆ.

ಶಾಲೆಗಳು ಇಂಥ ತೊಡಕನ್ನು ಆದಷ್ಟು ಬೇಗ ಗುರುತಿಸಬೇಕು ಎನ್ನುತ್ತದೆ 2016ರ ಕಾಯ್ದೆ. ಅನುಕೂಲವಿದ್ದ ಬೆಂಗಳೂರಿನ ಹೆತ್ತವರು ಮಗುವನ್ನು ನಿಮ್ಹಾನ್ಸ್‌ಗೆ ಕರೆದೊಯ್ದು ಪ್ರಮಾಣಪತ್ರ ಪಡೆಯುತ್ತಾರೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುತ್ತಾರೆ. ದೂರದ ತಾಲ್ಲೂಕಿನ ಸರ್ಕಾರಿ ಶಾಲೆಯ ಮಗು ‘ವಿದ್ಯೆ ತಲೆಗೆ ಹತ್ತಲಿಲ್ಲ’ ಎನಿಸಿಕೊಂಡು ಗ್ಯಾರೇಜು ಸೇರುತ್ತದೆ. ಆ ಶಾಲೆಯ ಮೂರನೇ ತರಗತಿಯ ಶಿಕ್ಷಕಿಗೆ ತೊಡಕು ಗುರುತಿಸುವ ತರಬೇತಿ, ಕನ್ನಡದ ಕಾಗುಣಿತ, ಒತ್ತಕ್ಷರಗಳಿಗೆ ಹೊಂದುವ ಓದಿನ ಪರೀಕ್ಷೆ, ಮಗುವಿನ ಪಕ್ಕ ದಿನಕ್ಕೆ ಅರ್ಧ ಗಂಟೆ ಕೂರುವ ಬಿಡುವು, ಇಷ್ಟನ್ನೂ ಒದಗಿಸದೆ ಕಾಯ್ದೆ ಜಾರಿಯಾಗಿದೆ ಎನ್ನಲು ನಮಗೆ ಅಧಿಕಾರವಿಲ್ಲ.