ಬೋಗಾದಿಯ ಬಾಡಿಗೆ ಮನೆ, ಮಸೀದಿಯ ಬಾಡಿಗೆ ಅಂಗಡಿ

ಮೈಸೂರಿನಲ್ಲಿ ಮಾನಸಗಂಗೋತ್ರಿಯನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಬೋಗಾದಿ. ಒಂದು ಕಾಲದ ಹಳ್ಳಿ. ಮುಡಾ ಬಡಾವಣೆಗಳೂ ವರ್ತುಲ ರಸ್ತೆಯೂ ಬಂದ ಮೇಲೆ ಅದು ನಗರದೊಂದಿಗೆ ಬೆಸೆದುಕೊಂಡಿತು. ಇಲ್ಲಿನ ಬೀದಿಗಳಲ್ಲಿ ಮತ್ತೆ ಮತ್ತೆ ಕಾಣುವ ಮನೆಯ ಮಾದರಿ ಒಂದೇ: ಕೆಳಗೆ ಮಾಲೀಕ, ಮೇಲೆ ಬಾಡಿಗೆದಾರ. ಕೆಳಗಿರುವವನು ನಿವೃತ್ತ ಅಧ್ಯಾಪಕನಿರಬಹುದು, ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಮರಳಿದವನಿರಬಹುದು, ಪತಿಯನ್ನು ಕಳೆದುಕೊಂಡ ತಾಯಿಯೂ ಇರಬಹುದು. ಮೇಲಿನ ಬಾಡಿಗೆಯೇ ಅವರ ಪಿಂಚಣಿ. ಮನೆ ಮಾಲೀಕ ಎಂದರೆ ಸಿರಿವಂತ, ಬಾಡಿಗೆದಾರ ಎಂದರೆ ದುರ್ಬಲ ಎಂಬ ನಮ್ಮ ಹಳೆಯ ಕಲ್ಪನೆ ಇಂತಹ ಮನೆಗಳ ಮುಂದೆ ನಿಲ್ಲುವುದಿಲ್ಲ.

ಇವರ ದೂರುಗಳನ್ನು ಸಮುದಾಯದ ವೇದಿಕೆಗಳಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಐದನೇ ತಾರೀಖಿನ ಬಾಡಿಗೆ ಇಪ್ಪತ್ತಕ್ಕೆ ಬರುತ್ತದೆ, ಆಮೇಲೆ ಬರುವುದೇ ನಿಲ್ಲುತ್ತದೆ. ‘ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ’ ಎಂಬ ಉತ್ತರ ಸಿಗುತ್ತದೆ. ಮುರಿಯುತ್ತಾ ಹೋಗಿ ಅಡ್ವಾನ್ಸೂ ಮುಗಿಯುತ್ತದೆ, ಬಾಡಿಗೆದಾರ ಮಾತ್ರ ಅಲ್ಲೇ ಇರುತ್ತಾನೆ. ನಾಲ್ವರು ವಿದ್ಯಾರ್ಥಿಗಳೆಂದು ಬಂದ ಮನೆಯಲ್ಲಿ ಒಂಬತ್ತು ಮಂದಿ ವಾಸವಿರುತ್ತಾರೆ. ಕರೆಂಟಿನ ಆರ್.ಆರ್. ಸಂಖ್ಯೆ ಮಾಲೀಕನ ಹೆಸರಿನಲ್ಲಿರುವುದರಿಂದ ಬಾಡಿಗೆದಾರ ಉಳಿಸಿಹೋದ ಬಾಕಿ ಕೊನೆಗೆ ಅವನ ಕೊರಳಿಗೇ ಬೀಳುತ್ತದೆ. ನೀರಿನ ಬಿಲ್ಲಿನ ಕಥೆಯೂ ಇದೇ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು, ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಮನೆಯಿಂದ ಹೊರಹಾಕಬಾರದು ಎಂದು ಆದೇಶಿಸಿತು. ಆ ಸಂಕಟದ ದಿನಗಳಲ್ಲಿ ಅದು ಸರಿಯಾದ ಆದೇಶವೇ ಆಗಿತ್ತು. ಆದರೆ ಸಾಲ ಮಾಡಿ ಮಹಡಿ ಕಟ್ಟಿದವನ ಕಂತಿಗೆ ರಿಸರ್ವ್ ಬ್ಯಾಂಕ್ ಬಿಡುವು ಕೊಟ್ಟಿತೇ ಹೊರತು ಅದರ ಬಡ್ಡಿ ನಿಲ್ಲಲಿಲ್ಲ.

ಈ ನೈಜ ಕಷ್ಟದ ಜೊತೆ ಒಂದು ಸುಳ್ಳು ಭಯವೂ ಬೆರೆತಿದೆ. ಹನ್ನೆರಡು ವರ್ಷ ಇದ್ದುಬಿಟ್ಟರೆ ಮನೆ ಬಾಡಿಗೆದಾರನದೇ ಆಗುತ್ತದೆ ಎಂಬ ಮಾತನ್ನು ಓದುಬಲ್ಲವರೂ ನಂಬುತ್ತಾರೆ. ಇದರ ಬೇರು ಬಹುಶಃ ಬೇರೆಡೆ ಇದೆ. ಹುಣಸೂರಿನ ದೇವರಾಜ ಅರಸರ ಸರಕಾರ 1974ರಲ್ಲಿ ಜಾರಿಗೊಳಿಸಿದ ಭೂಸುಧಾರಣಾ ತಿದ್ದುಪಡಿ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿತು. ಆ ನೆನಪು ಈ ಸೀಮೆಯ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಆದರೆ ಅದು ಕೃಷಿ ಭೂಮಿಯ ಮಾತಾಗಿತ್ತು. ಮಾಲೀಕನ ಒಪ್ಪಿಗೆಯಿಂದ ಬಾಡಿಗೆಗೆ ಬಂದವನು, ಬಾಡಿಗೆದಾರನಾಗಿರುವಷ್ಟು ಕಾಲ, ಆ ಮನೆ ತನ್ನದೆಂದು ವಾದಿಸಲು ಕಾನೂನು ಬಿಡುವುದಿಲ್ಲ. ಈ ಭಯದಿಂದಲೇ ಹನ್ನೊಂದು ತಿಂಗಳಿಗೊಮ್ಮೆ ಬಡ ಕುಟುಂಬಗಳನ್ನು ಎಬ್ಬಿಸುವ ಮಾಲೀಕರೂ ಇದ್ದಾರೆ. ಶಾಲೆಯ ವರ್ಷದ ನಡುವೆ ಮಕ್ಕಳ ಚೀಲ ಹೊತ್ತು ಮನೆ ಹುಡುಕುವವರ ಗತಿಯನ್ನು ಅವರು ಊಹಿಸಿಕೊಳ್ಳುವುದಿಲ್ಲ.

ಕಾನೂನು ನಿಧಾನ ಎಂಬ ದೂರು ಮಾತ್ರ ನಿಜ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಇಂದು ಬೋಗಾದಿಯಲ್ಲಿ ಆ ದರಕ್ಕೆ ಕುಟುಂಬಕ್ಕಾಗುವ ಮನೆ ಎಲ್ಲಿದೆ? ಆದ್ದರಿಂದ ಹೆಚ್ಚಿನ ಮಾಲೀಕರಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನಗಳ ನೋಟೀಸು ಕೊಟ್ಟು ಬಾಡಿಗೆಯನ್ನು ಕೊನೆಗೊಳಿಸಬಹುದು. ಆದರೆ ಆಮೇಲೂ ಅವನು ಏಳದಿದ್ದರೆ ದಾವೆ, ದಾವೆಯ ಮೇಲೆ ಮೇಲ್ಮನವಿ, ಅದರ ನಡುವೆ ವರ್ಷಗಳು.

ಈ ನಿಧಾನವೇ ಮಾಲೀಕನನ್ನು ಅಡ್ಡದಾರಿಗೆ ಎಳೆಯುತ್ತದೆ. ಫ್ಯೂಸು ಕಿತ್ತುಹಾಕುವುದು, ನೀರಿನ ವಾಲ್ವು ತಿರುಗಿಸುವುದು, ಬಾಡಿಗೆದಾರ ಊರಿಗೆ ಹೋದಾಗ ಬೇರೆ ಬೀಗ ಜಡಿಯುವುದು, ಮೊಹಲ್ಲಾದ ನಾಲ್ವರು ಯುವಕರನ್ನು ಕಳಿಸಿ ‘ಮಾತನಾಡಿಸುವುದು’. ಅಷ್ಟರಲ್ಲಿ ನ್ಯಾಯ ತಲೆಕೆಳಗಾಗಿರುತ್ತದೆ. ಬಲವಂತದಿಂದ ಹೊರದಬ್ಬಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಸೆಕ್ಷನ್ನಿನಂತೆ ನ್ಯಾಯಾಲಯ ಅವನನ್ನು ಅದೇ ಮನೆಗೆ ಮರಳಿ ಸೇರಿಸಬಹುದು. ಬಾಕಿ ಉಳಿಸಿಕೊಂಡ ಬಾಡಿಗೆದಾರ ಸಂತ್ರಸ್ತನಾಗಿಯೂ ಬಾಡಿಗೆ ಕಳೆದುಕೊಂಡ ಮಾಲೀಕ ಆರೋಪಿಯಾಗಿಯೂ ನಿಲ್ಲುವುದು ಹೀಗೆ. ಅದಕ್ಕಿಂತ, 2004ರ ಡಿಸೆಂಬರಿನಲ್ಲಿ ಆತ್ಮಾರಾಂ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಬಲ್ಲ ವಕೀಲನನ್ನು ಹಿಡಿಯುವುದು ಲೇಸು. ತೆರವಿನ ಆದೇಶವಾದ ಮೇಲೂ ತಡೆಯಾಜ್ಞೆ ತಂದು ಕುಳಿತವನಿಂದ ಹಳೆಯ ಬಾಡಿಗೆಯನ್ನಲ್ಲ, ಮಾರುಕಟ್ಟೆಯ ದರವನ್ನೇ ಕೇಳಬಹುದು ಎಂಬುದು ಅದರ ಸಾರ.

ಇನ್ನೊಂದು ಬಗೆಯ ‘ತೆರವು ಮಾಡದ ಬಾಡಿಗೆದಾರ’ನನ್ನು ನಾವೇ ಸೃಷ್ಟಿಸಿಕೊಂಡಿದ್ದೇವೆ. ಮೈಸೂರಿನ ಗೋಡೆಗಳ ಮೇಲೆ ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕಗಳನ್ನು ನೋಡದವರಿಲ್ಲ. ಹತ್ತು ಲಕ್ಷ ಪಡೆದು ಮೂರು ವರ್ಷಕ್ಕೆ ಮನೆ ಕೊಟ್ಟನೆನ್ನೋಣ. ಬಾಡಿಗೆಯಿಲ್ಲ, ಅವಧಿ ಮುಗಿದಾಗ ಇಡಿಗಂಟು ಹಿಂತಿರುಗಿಸಬೇಕು. ಆ ಹಣ ಮಗಳ ಮದುವೆಯ ಶಾಮಿಯಾನಕ್ಕೋ ಹಳೆಯ ಸಾಲಕ್ಕೋ ಕರಗಿರುತ್ತದೆ. ಮೂರು ವರ್ಷದ ನಂತರ ಮಾಲೀಕ ಹೊಸ ಭೋಗ್ಯದಾರನನ್ನು ಹುಡುಕಿ ಅವನ ಹಣದಿಂದ ಹಳಬನನ್ನು ಬಿಡಿಸಬೇಕು. ಹೊಸಬ ಸಿಗದಿದ್ದರೆ ಹಳಬ ಏಳುವುದಿಲ್ಲ. ಏಕೆ ಏಳಬೇಕು? ಅವನು ಹಟಮಾರಿ ಬಾಡಿಗೆದಾರನಲ್ಲ, ಹಣ ವಾಪಸು ಬಾರದ ಸಾಲಿಗ. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು, ಕಂತು ತಪ್ಪಿ, ಮನೆ ಹರಾಜಿಗೆ ಬಂದರಂತೂ ಮಾಲೀಕನಿಗಿಂತ ಮೊದಲು ಬೀದಿಗೆ ಬೀಳುವವನು ಅವನೇ. ಸಾಲ ಕೊಟ್ಟವನು ಆ ಸಾಲದ ಬಲದಿಂದಲೇ ಅಡವಿನ ಮನೆಯ ಸುಖವನ್ನು ಉಚಿತವಾಗಿ ಅನುಭವಿಸುವುದರಲ್ಲಿ ಬಡ್ಡಿಯ ಅಂಶವಿದೆಯೆಂದು ಫಿಕ್‌ಹ್ ವಿದ್ವಾಂಸರಲ್ಲಿ ಬಹುಪಾಲು ಮಂದಿ ಹೇಳಿದ್ದಾರೆ. ನಾಮಮಾತ್ರಕ್ಕೆ ನೂರು ರೂಪಾಯಿ ಬಾಡಿಗೆಯೆಂದು ಬರೆದು ಮನಸ್ಸಾಕ್ಷಿಯನ್ನು ಮಲಗಿಸುವವರೂ ಇದ್ದಾರೆನ್ನಿ.

ಬರೆಯುವವರಾದರೂ ಎಷ್ಟು ಮಂದಿ? ‘ನಮ್ಮವರೇ, ಮಸೀದಿಯಲ್ಲಿ ಪರಿಚಯವಾದವರು’ ಎಂದು ಬರಿಯ ಬಾಯಿಮಾತಿನ ಮೇಲೆ ಕೀಲಿಕೈ ಕೊಟ್ಟವರೇ ಹೆಚ್ಚಾಗಿ ಮೋಸಹೋಗುವುದು. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರಾ ಅಧ್ಯಾಯದ 282ನೆಯದು, ನಮಾಝಿನ ಕುರಿತಾಗಲಿ ಉಪವಾಸದ ಕುರಿತಾಗಲಿ ಅಲ್ಲ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮ ಬರೆದಿಡುವುದರ ಕುರಿತಾಗಿದೆ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಆದೇಶವಿರುವುದು ಅದಕ್ಕೆ ಎರಡೇ ಸೂಕ್ತಗಳ ಮೊದಲು. ಕೆಲಸ ಕಳೆದುಕೊಂಡು ಎರಡು ತಿಂಗಳು ತಡಮಾಡಿದವನಿಗೂ, ಹೊಸ ಬೈಕು ಕೊಂಡು ಬಾಡಿಗೆ ಕೊಡದವನಿಗೂ ಅಂತರವಿದೆ. ಉಳ್ಳವನು ಬಾಕಿ ತೀರಿಸದೆ ಸತಾಯಿಸುವುದನ್ನು ಪ್ರವಾದಿ(ಸ) ಅನ್ಯಾಯವೆಂದೇ ಕರೆದಿದ್ದಾರೆ. ಬಾಡಿಗೆ ಎಷ್ಟು, ಯಾವ ದಿನ, ಎಷ್ಟು ಜನ ವಾಸ, ಬಣ್ಣದ ಖರ್ಚು ಯಾರದು, ತೆರವಿಗೆ ಎಷ್ಟು ತಿಂಗಳ ಮುನ್ಸೂಚನೆ ಎಂಬುದನ್ನು ಛಾಪಾ ಕಾಗದದಲ್ಲಿ ಬರೆದಿಟ್ಟರೆ ಮಾಲೀಕನಿಗಷ್ಟೇ ಅಲ್ಲ, ಬಾಡಿಗೆದಾರನಿಗೂ ರಕ್ಷಣೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯವೆಂದಾಗ, ವಾಸದ ದಾಖಲೆಯಾಗಿ ನೆರವಿಗೆ ಬಂದ ಕಾಗದಗಳಲ್ಲಿ ಕರಾರು ಪತ್ರವೂ ಒಂದು.

ಈಗ ಸ್ವಲ್ಪ ಕಹಿಯಾದ ಮಾತು. ಹೆಸರು ಕೇಳಿದೊಡನೆ ‘ಮನೆ ಆಗಲೇ ಕೊಟ್ಟಾಯಿತು’ ಎಂಬ ಉತ್ತರ ಪಡೆದು ಮರಳಿದ ಅನುಭವ ನಮ್ಮ ಓದುಗರಲ್ಲಿ ಅನೇಕರಿಗಿದೆ. ಆ ನೋವು ಬಲ್ಲ ಸಮುದಾಯ ಒಳ್ಳೆಯ ಬಾಡಿಗೆದಾರರ ಸಮುದಾಯವಾಗಿರಬೇಕಿತ್ತು. ವಕ್ಫ್ ಅಂಗಡಿಗಳ ಬಾಡಿಗೆ ಪುಸ್ತಕ ಬೇರೆಯೇ ಹೇಳುತ್ತದೆ. ಅಜ್ಜನ ಕಾಲದಲ್ಲಿ ನಿಗದಿಯಾದ ಬಾಡಿಗೆಯನ್ನು ಮೊಮ್ಮಗ ಕೊಡುವುದು, ಅದನ್ನೂ ಬಾಕಿ ಇಡುವುದು, ಅದೇ ಅಂಗಡಿಯನ್ನು ಇನ್ನೊಬ್ಬನಿಗೆ ಹತ್ತುಪಟ್ಟು ದರಕ್ಕೆ ಒಳಬಾಡಿಗೆ ಕೊಡುವುದು, ಸಮಿತಿ ಕೇಳಿದರೆ ಮುಂದಿನ ಚುನಾವಣೆಯಲ್ಲಿ ಸಮಿತಿಯನ್ನೇ ಬದಲಿಸುವುದು. ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷರಾಗಿದ್ದ ಅನ್ವರ್ ಮಾಣಿಪ್ಪಾಡಿ 2012ರಲ್ಲಿ ಸಲ್ಲಿಸಿದ ವರದಿಯ ಅಂಕಿಅಂಶಗಳ ಕುರಿತು ವಾದವಿವಾದ ಇದ್ದದ್ದೇ. ಆದರೆ ವಕ್ಫ್ ಆಸ್ತಿಯ ಹಾನಿಯಲ್ಲಿ ನಮ್ಮವರ ಕೈಯೂ ಇದೆಯೆಂಬುದನ್ನು ತಿಳಿಯಲು ಯಾವ ವರದಿಯೂ ಬೇಕಿಲ್ಲ. 2013ರ ವಕ್ಫ್ ತಿದ್ದುಪಡಿಯಂತೂ ಕರಾರಿನ ಅವಧಿ ಮುಗಿದ ಮೇಲೂ ಕುಳಿತಿರುವ ಬಾಡಿಗೆದಾರನನ್ನು ಅತಿಕ್ರಮಣಕಾರರ ಸಾಲಿಗೇ ಸೇರಿಸಿತು.

ಬೋಗಾದಿಯ ಮಹಡಿಯ ಬಾಡಿಗೆ ವರ್ಷಕ್ಕೊಮ್ಮೆ ಏರಲೇಬೇಕೆಂದು ಪಟ್ಟುಹಿಡಿಯುವವನೇ ಮಸೀದಿಯ ಅಂಗಡಿಗೆ ಮೂವತ್ತು ವರ್ಷದ ಹಿಂದಿನ ದರ ಕೊಡುತ್ತಿದ್ದರೆ ಅವನ ದೂರನ್ನು ಯಾವ ಕಿವಿಯಿಂದ ಕೇಳುವುದು? ಮೇಲ್ಮಹಡಿಯ ಬಾಕಿಯಿಂದ ಒಬ್ಬ ನಿವೃತ್ತನ ಔಷಧಿ ನಿಲ್ಲುತ್ತದೆ. ಅಂಗಡಿಯ ಬಾಕಿಯಿಂದ ಯತೀಮ್ ಮಕ್ಕಳ ಶುಲ್ಕ, ಇಮಾಮರ ವೇತನ ನಿಲ್ಲುತ್ತವೆ. ಜಮಾಅತ್‌ಗಳು ಬಾಡಿಗೆ ಪಟ್ಟಿಯನ್ನು ಬಾಕಿಯ ಸಮೇತ ಮಸೀದಿಯ ಫಲಕಕ್ಕೆ ಹಾಕಲಿ. ಅದಕ್ಕೆ ಸರಕಾರದ ಅನುಮತಿ ಬೇಕಿಲ್ಲ.

ಮನೆಗಳ ವ್ಯಾಜ್ಯಕ್ಕೆ ಹೊಡೆದಾಟಕ್ಕೂ ಹತ್ತು ವರ್ಷದ ದಾವೆಗೂ ನಡುವೆ ಒಂದು ದಾರಿಯಿದೆ. ದಾವೆ ಹೂಡುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನ ಮುಂದೆ ರಾಜಿಗೆ ಕೂರಬಹುದು. ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿ ಉಭಯರೂ ಒಪ್ಪಿ ಆದ ತೀರ್ಮಾನಕ್ಕೆ 1987ರ ಕಾಯಿದೆಯಂತೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಮೇಲ್ಮನವಿಯಿಲ್ಲ. ಮೊಹಲ್ಲಾದ ಹಿರಿಯರು ಮಾಲೀಕನನ್ನೂ ಬಾಡಿಗೆದಾರನನ್ನೂ ಅಲ್ಲಿಗೆ ಕರೆದೊಯ್ಯಲಿ. ಹೋಗುವಾಗ ಕರಾರು ಪತ್ರ, ಬಾಡಿಗೆಯ ರಸೀದಿಗಳು, ಕರೆಂಟ್ ಬಿಲ್ಲುಗಳು ಜೊತೆಯಲ್ಲಿರಲಿ.