ಊರಿನ ನೀರು, ಊರವರ ಹೊಣೆ

ಊರಿಗೆ ಕೊಳಾಯಿಯನ್ನು ಹಾಕಿಸುವುದು ಒಂದು ದಿನದ ಸಂಭ್ರಮ. ಅದನ್ನು ಕೆಡದಂತೆ ನಡೆಸಿಕೊಂಡು ಹೋಗುವುದು ಅನುದಿನದ ಕರ್ತವ್ಯ. ಸಂಭ್ರಮಕ್ಕೆ ನೆರೆಯುವಷ್ಟು ಜನರು ಕರ್ತವ್ಯಕ್ಕೆ ನೆರೆಯದಿರುವುದೇ ನಮ್ಮ ಹಳ್ಳಿಗಳ ನೀರಿನ ಸಂಕಟಕ್ಕೆ ಒಂದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

೨೦೧೯ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಎಂಬ ಯೋಜನೆಯು ಹಳ್ಳಿಯ ಪ್ರತಿಯೊಂದು ಮನೆಗೂ ಕೊಳಾಯಿಯ ಮೂಲಕ, ತಲೆಗೆ ದಿನವೊಂದಕ್ಕೆ ೫೫ ಲೀಟರು ಶುದ್ಧಜಲವು ದೊರೆಯಬೇಕೆಂದು ಗುರಿಯಿಟ್ಟಿತು. ಊರೊಳಗಿನ ವ್ಯವಸ್ಥೆಯ ಹೊಣೆಯನ್ನು ಗ್ರಾಮ ಪಂಚಾಯತಿಗೂ ಅದರ ನೀರು ಸಮಿತಿಗೂ ಒಪ್ಪಿಸಿ, ಆ ಸಮಿತಿಯಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರತಕ್ಕದ್ದೆಂದು ವಿಧಿಸಿತು. ವಿಧಿಯು ಉತ್ತಮವಾದುದೇ. ಆದರೆ ಮೋಟಾರು ಸುಟ್ಟುಹೋದ ದಿನ ವಿಧಿಯೊಂದೇ ನೀರನ್ನೆತ್ತಲಾರದು. ರಿಪೇರಿಗಾಗಿ ಕೂಡಿಟ್ಟ ಹಣವೂ ಕೆಲಸ ಬಲ್ಲ ಕೈಯೂ ಬೇಕು.

ದೇವರು ಕೊಟ್ಟ ನೀರಿಗೆ ಹಣವೇಕೆಂದು ಕೇಳುವವರುಂಟು. ನೀರು ದೇವರದು ನಿಜ. ಪಂಪು, ಕೊಳವೆ, ವಿದ್ಯುತ್ತುಗಳ ಖರ್ಚು ಮನುಷ್ಯರದು. ಇದನ್ನು ನಮ್ಮ ಹಿರಿಯರು ಅರಿತಿದ್ದರು. ಕೋಲಾರದ ಸೀಮೆಯಲ್ಲಿ ಕೆರೆಯ ತೂಬನ್ನು ತೆರೆದು ಮುಚ್ಚಿ, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ರೈತರೇ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಆದರೂ ಆ ಕಾಲವನ್ನು ಪೂರ್ತಿಯಾಗಿ ಹೊಗಳಲಾಗದು. ಊರಿಗೆಲ್ಲ ನೀರು ಹಂಚಿದವನನ್ನೇ ಅನೇಕ ಕಡೆ ಜಾತಿಯ ನೆವದಿಂದ ಊರ ಬಾವಿಗೆ ಸೇರಿಸುತ್ತಿರಲಿಲ್ಲ. ಹೊಣೆಯಲ್ಲಿ ಎಲ್ಲರಿಗೂ ಪಾಲಿರುವುದಾದರೆ ನೀರಿನಲ್ಲಿಯೂ ಇರಬೇಕು. ಕಟ್ಟಕಡೆಯ ಕೇರಿಯ ಕೊಳಾಯಿಯೂ ಸಮನಾಗಿ ಹರಿಯಬೇಕು.

ಆದುದರಿಂದ ಮೂರು ಸಂಗತಿಗಳು ಅವಶ್ಯ. ನೀರಿನ ಶುಲ್ಕವನ್ನು ಬಡವರಿಗೆ ಭಾರವಾಗದಂತೆ ಗೊತ್ತುಮಾಡಿ, ತಿಂಗಳು ತಿಂಗಳಿಗೆ ತಪ್ಪದೆ ಕೂಡಿಸತಕ್ಕದ್ದು. ಅದರ ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದತಕ್ಕದ್ದು. ಲೆಕ್ಕ ಕಾಣದ ಕಡೆ ಹಣ ಕೊಡಲು ಯಾರಿಗೂ ಮನಸ್ಸು ಬಾರದು. ಸಮಿತಿಯ ಸ್ತ್ರೀಯರು ಹೆಸರಿಗೆ ಮಾತ್ರ ಸದಸ್ಯರಾಗಿರದೆ, ಲೆಕ್ಕದ ಪುಸ್ತಕವನ್ನು ತಾವೇ ಬರೆಯತಕ್ಕದ್ದು.

ಯಾಕಂದರೆ ನೀರು ನಿಂತ ದಿನ ಕೊಡ ಹೊತ್ತು ದೂರ ನಡೆಯುವವಳು ಮನೆಯ ಹೆಣ್ಣುಮಗಳೇ. ಅಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತದೆ.

ಪ್ರಿಯ ವಿದ್ಯಾರ್ಥಿನಿಯರೇ, ನೀವು ತರಗತಿಯಲ್ಲಿ ಕಲಿತ ಗಣಿತವು ಪರೀಕ್ಷೆಗೆ ಮಾತ್ರವಲ್ಲ. ರಜೆಯಲ್ಲಿ ಊರಿಗೆ ಹೋದಾಗ ನೀರು ಸಮಿತಿಯು ಎಂದು ಕೂಡಿತು, ಶುಲ್ಕವೆಷ್ಟು ಬಂದಿತು, ನೀರಿನ ಪರೀಕ್ಷೆ ಯಾವಾಗ ನಡೆಯಿತು ಎಂದು ಹಿರಿಯರನ್ನು ವಿನಯದಿಂದ ಕೇಳಿರಿ. ಲೆಕ್ಕ ಬರೆಯುವುದರಲ್ಲಿ ತಾಯಂದಿರಿಗೆ ನೆರವಾಗಿರಿ. ನಾಳೆ ಆ ಸಮಿತಿಯಲ್ಲಿ ಕುಳಿತುಕೊಳ್ಳತಕ್ಕವರು ನೀವೇ.