‘ಥಿಂಕ್’ ಎಂದರೆ ಯೋಚಿಸುವುದಷ್ಟೇ ಅಲ್ಲ

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ತನ್ನ ಅಭಿಪ್ರಾಯವನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದು. ಆದುದರಿಂದ ಅವನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದೇ ಲೇಸು. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರುಗಳ ಕಡೆ ಈ ಬುದ್ಧಿವಾದವನ್ನು ಹೇಳುವ ಹಿತೈಷಿಗಳಿಗೆ ಬರವಿಲ್ಲ. ಮಾತಿನ ಪೂರ್ವಾರ್ಧದಲ್ಲಿ ಸ್ವಲ್ಪ ನಿಜವುಂಟು. ಉತ್ತರಾರ್ಧ ಶುದ್ಧ ಅವಿವೇಕ. ರೋಗವಿರುವುದು ಮಾಧ್ಯಮದಲ್ಲಲ್ಲ, ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದವನ್ನು ಗಂಟುಹಾಕಿ ಬಾಯಿಪಾಠ ಮಾಡಿಸುವ ಗೈಡುಗಳಲ್ಲಿ.

ಥಿಂಕ್ ಎಂದರೆ ಯೋಚಿಸು, ಬಿಲೀವ್ ಎಂದರೆ ನಂಬು, ಫೀಲ್ ಎಂದರೆ ಅನುಭವಿಸು, ಡೌಟ್ ಎಂದರೆ ಸಂಶಯ. ಹುಡುಗ ಇಷ್ಟನ್ನು ಕಲಿತ. ಈಗ ‘ಇವತ್ತು ಮಳೆ ಬರುವುದಿಲ್ಲ ಅನ್ನಿಸುತ್ತದೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸು ಎಂದರೆ ತಬ್ಬಿಬ್ಬಾಗುತ್ತಾನೆ. ‘ಅನ್ನಿಸುತ್ತದೆ’ ಎಂಬುದು ಅವನ ಪಟ್ಟಿಯಲ್ಲಿಯೇ ಇಲ್ಲ. ಇಂಗ್ಲಿಷಿನವನು ಇಲ್ಲಿ ‘ಐ ಡೋಂಟ್ ಥಿಂಕ್ ಇಟ್ ವಿಲ್ ರೇನ್’ ಎನ್ನುತ್ತಾನೆ. ಇಲ್ಲವೆಂಬುದನ್ನು ಮಳೆಯಿಂದ ಕಿತ್ತು ತನ್ನ ಮನಸ್ಸಿಗೆ ಅಂಟಿಸಿಕೊಳ್ಳುತ್ತಾನೆ. ಗೈಡನ್ನು ಹಿಡಿದು ಇದಕ್ಕೆ ಅರ್ಥ ಹೇಳಿದರೆ ಆ ಮನುಷ್ಯ ಯೋಚನೆಯನ್ನೇ ಮಾಡುವವನಲ್ಲವೆಂದಾಗುತ್ತದೆ!

ಎಲ್ಲಕ್ಕಿಂತ ಅಪಾಯಕರವಾದುದು ‘ಡೌಟ್’. ನಮ್ಮ ‘ಅನುಮಾನ’ ಎರಡು ದಿಕ್ಕಿಗೂ ಸಲ್ಲುವ ಪದ. ‘ಅವನು ಬರುವುದು ಅನುಮಾನ’ ಎಂದರೆ ಬರಲಿಕ್ಕಿಲ್ಲ. ‘ಅವನೇ ಕದ್ದನೆಂದು ಅನುಮಾನ’ ಎಂದರೆ ಕದ್ದಿರಬೇಕು. ‘ಡೌಟ್’ ಎಂಬುದು ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದಕ್ಕೆ ‘ಸಸ್ಪೆಕ್ಟ್’ ಎನ್ನಬೇಕು. ಕೆರೆಯ ಅಂಗಳವನ್ನು ಯಾರೋ ಒತ್ತುವರಿ ಮಾಡಿರುವರೆಂದು ಊರಿನವರು ಇಂಗ್ಲಿಷಿನಲ್ಲಿ ಅರ್ಜಿ ಬರೆಸುತ್ತಾರೆನ್ನಿ. ಅದರಲ್ಲಿ ‘ವಿ ಡೌಟ್’ ಎಂದು ಬಿದ್ದರೆ, ಒತ್ತುವರಿ ನಡೆದಿದೆಯೆಂಬುದನ್ನು ಅರ್ಜಿದಾರರೇ ನಂಬುವುದಿಲ್ಲವೆಂದು ಅರ್ಥ. ನಮ್ಮ ಕಡೆಯ ಅಧಿಕಾರಿ ಹೇಗೋ ಊಹಿಸಿಕೊಂಡಾನು. ಎದುರು ಕಕ್ಷಿಯ ವಕೀಲ ಊಹಿಸಿಕೊಳ್ಳುವನೆ? (ತರಗತಿಯಲ್ಲಿ ಪ್ರಶ್ನೆ ಕೇಳುವ ಮುನ್ನ ಮಕ್ಕಳು ‘ಡೌಟ್ ಇದೆ ಸಾರ್’ ಎನ್ನುವುದು ಈ ದೇಶದಲ್ಲಿ ಬೇರೂರಿದೆ, ಅದರೊಡನೆ ನನಗೆ ಜಗಳವಿಲ್ಲ.)

‘ನನ್ನ ಪ್ರಕಾರ’ ಎಂಬುದನ್ನು ‘ಅಕಾರ್ಡಿಂಗ್ ಟು ಮಿ’ ಎಂದು ಬರೆಯುವವರು ಪದವೀಧರರಲ್ಲಿಯೂ ಹೇರಳ. ಅನ್ಯರ ಮಾತನ್ನು ಆಧಾರವಾಗಿ ಎತ್ತಿ ಹೇಳುವಾಗ ಬರುವ ನುಡಿಗಟ್ಟು ಅದು. ತನಗೆ ತಾನೇ ಆಧಾರವಾಗುವುದು ಇಂಗ್ಲಿಷಿನಲ್ಲಿ ನಗೆಗೀಡು. ‘ಇನ್ ಮೈ ಒಪಿನಿಯನ್’ ಎಂದರೆ ಸಾಕು.

ಇನ್ನು ನಮ್ಮ ‘ಅಂತೆ’. ‘ಅವನು ಹೊಡೆದನಂತೆ’ ಎಂದಾಗ, ನಾನು ಕಂಡವನಲ್ಲ, ಕೇಳಿದವನು ಎಂದು ಎರಡೇ ಅಕ್ಷರಗಳಲ್ಲಿ ಹೊಣೆ ಕಳೆದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರತ್ಯಯವಿಲ್ಲ. ‘ಐ ಹಿಯರ್’ ಎಂದೋ ‘ಇಟ್ ಈಸ್ ಸೆಡ್’ ಎಂದೋ ಬೇರೆಯಾಗಿ ಸೇರಿಸಬೇಕು. ಮರೆತರೆ ಕೇಳಿದ್ದು ಕಂಡದ್ದಾಗುತ್ತದೆ. ಸಾಕ್ಷಿಯಾದವನು ತಾನೇ ಕಂಡು ಕೇಳಿದ್ದನ್ನು ಹೇಳಬೇಕೆಂಬುದು 1872ರ ಸಾಕ್ಷ್ಯ ಅಧಿನಿಯಮದ ಕಟ್ಟಳೆಯಾಗಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಕಕ್ಷಿದಾರನ ‘ಅಂತೆ’ಯನ್ನು ನುಂಗುವ ಭಾಷಾಂತರ ಅವನನ್ನು ಸುಳ್ಳುಗಾರನನ್ನಾಗಿ ಮಾಡೀತು.

ಅಭಿಪ್ರಾಯಕ್ಕೂ ನಂಬುಗೆಗೂ ಇರುವ ಅಂತರವನ್ನು ತಿಳಿಸಲು ನಮ್ಮ ನೆರೆಯಲ್ಲಿಯೇ ನಿದರ್ಶನವುಂಟು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿ, ಹೊಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದ ರಾಜಾಜಿಯವರು, 1938ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗಿದ್ದು ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಹೊರಟರು. ಇಪ್ಪತ್ತು ವರ್ಷಗಳ ತರುವಾಯ ಹಿಂದಿಯೊಂದೇ ಆಡಳಿತಭಾಷೆಯಾಗಕೂಡದು, ಇಂಗ್ಲಿಷು ಉಳಿಯಬೇಕು ಎಂದು ಹೋರಾಡಿದರು. ಬದಲಾದದ್ದು ಒಪಿನಿಯನ್. ರಾಮಾಯಣ ಮಹಾಭಾರತಗಳನ್ನು ಇಂಗ್ಲಿಷಿನಲ್ಲಿಯೂ ತಮಿಳಿನಲ್ಲಿಯೂ ನಿರೂಪಿಸಿದ ಅವರ ದೈವಶ್ರದ್ಧೆ ಬದಲಾಗಲಿಲ್ಲ, ಅದು ಫೇಯ್ತ್. ‘ಐ ಬಿಲೀವ್ ಹಿಮ್’ ಎಂದರೆ ಅವನ ಈ ಮಾತನ್ನು ನಂಬಿದೆ ಎಂದಷ್ಟೇ ಆಗುತ್ತದೆ. ನಡುವೆ ‘ಇನ್’ ಸೇರಿದರೆ ಅವನಲ್ಲಿಯೇ ವಿಶ್ವಾಸವಿಟ್ಟಂತೆ. ಪುಟ್ಟ ‘ಇನ್’ ಎಷ್ಟು ಭಾರ ಹೊರುತ್ತದೆ ನೋಡಿ.

ಇಂಗ್ಲಿಷ್ ಮಾಧ್ಯಮಕ್ಕೆ ಓಡಿದರೆ ಇವೆಲ್ಲ ತಾವಾಗಿ ಬರುವುವೆ? ಅಲ್ಲಿ ಓದಿಬಂದ ಎಷ್ಟೋ ಮಂದಿ ಎಲ್ಲದಕ್ಕೂ ‘ಐ ಥಿಂಕ್’ ಎಂದು ಕೈತೊಳೆದುಕೊಳ್ಳುವುದನ್ನು ಕಾಣುತ್ತೇವೆ. ನಮ್ಮ ಗಡಿಯ ಮಗುವಿನ ಬಳಿ ಅವರಿಗಿಲ್ಲದ ಬಂಡವಾಳವಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. 2006ರ ಶಾಸನದಿಂದಾಗಿ ಶಾಲೆಯಲ್ಲಿ ತಮಿಳೂ ಬಂದಿತು. ತಮಿಳಿನ ‘ನಿನೈ’ ಎಂಬುದು ಜ್ಞಾಪಿಸಿಕೊಳ್ಳುವುದಕ್ಕೂ ಸಲ್ಲುತ್ತದೆ, ಅಭಿಪ್ರಾಯಪಡುವುದಕ್ಕೂ ಸಲ್ಲುತ್ತದೆ. ನಮ್ಮ ‘ನೆನೆ’ ಜ್ಞಾಪಕಕ್ಕೇ ನಿಂತಿತು. ಒಂದೇ ಬೇರಿನ ಎರಡು ಪದಗಳ ಎಲ್ಲೆಯೂ ಒಂದಲ್ಲವೆಂಬುದನ್ನು ಈ ಮಗು ಬೀದಿಯಲ್ಲಿಯೇ ಕಲಿತಿದೆ. ಅನ್ನಿಸುತ್ತದೆ, ತೋರುತ್ತದೆ, ಅಂದುಕೊಂಡಿದ್ದೆ, ಇರಬೇಕು, ಅಂತೆ, ನಂಬಿದ್ದೇನೆ: ಇವುಗಳಲ್ಲಿ ಯಾವುದು ಎಷ್ಟು ಗಟ್ಟಿ ಎಂದು ಕನ್ನಡದ ತರಗತಿಯಲ್ಲಿ ಮೊದಲು ತೂಗಿಸಿರಿ. ಇಂಗ್ಲಿಷಿನ ಪದವನ್ನು ಆಮೇಲೆ ಹುಡುಕಲಿ.

ಪಠ್ಯ ಮುಗಿಸುವುದಕ್ಕೇ ಹೊತ್ತು ಸಾಲದೆನ್ನುವ ಉಪಾಧ್ಯಾಯ ಮಹಾಶಯರನ್ನು ಒಂದು ಮಾತು ಕೇಳಬೇಕಾಗಿದೆ. ಗೈಡಿನ ಪಟ್ಟಿಯನ್ನು ಹತ್ತು ಹತ್ತು ಸಲ ಬರೆಯಿಸುವುದಕ್ಕೆ ಹೊತ್ತು ಎಲ್ಲಿಂದ ಬಂದಿತು?